ಕಫ ಕೇಳಲು ಬಸ್ಸು ಹತ್ತಿ ಬರುತ್ತಿದ್ದವರು

೧೯೮೯ರ ಫೆಬ್ರವರಿ ೧೨, ಭಾನುವಾರ. ಬೆಳಿಗ್ಗೆ ಆರು ನಲವತ್ತು. ಹುನಗುಂದ.

ನಿನ್ನೆ ನಮ್ಮ ಹೈಸ್ಕೂಲಿನ ಪ್ರಯೋಗಶಾಲೆಯ ಕಪಾಟು ತೆಗೆಯುವಾಗ ಸ್ಪಿರಿಟಿನ ಬಾಟಲಿ ಉರುಳಿ ಬಿದ್ದು ಒಡೆಯಿತು. ಗಾಜು ಗುಡಿಸಿ, ನೆಲ ಒರೆಸಿ, ಕಿಟಕಿಗಳನ್ನೆಲ್ಲ ತೆರೆದಿಟ್ಟು ಮನೆಗೆ ಬಂದರೂ ವಾಸನೆ ಸೆರಗಿನಲ್ಲಿ ಉಳಿದೇ ಇತ್ತು. ಉಳಿದವರಿಗೆ ಸ್ಪಿರಿಟ್ ಎಂದರೆ ಸೂಜಿ, ದವಾಖಾನೆ, ಮಕ್ಕಳ ಅಳು. ನನಗೆ ಅದು ಪಟ್ಟದಕಲ್ಲಿನ ಒಂದು ಪಡಸಾಲೆ, ಗುರುವಾರದ ಬೆಳಗು, ಕಂಬಕ್ಕೆ ಒರಗಿ ಕುಳಿತು ನನ್ನ ಕಫವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರುತ್ತಿದ್ದ ಒಬ್ಬ ಹೆಂಗಸು...

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಓಣಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಎದುರಿಗೆ ‘ಡಾಕ್ಟರಬಾಯಿ’, ಹಿಂದಿನಿಂದ ‘ಖಫದ ಬಾಯಿ’. ಎರಡೂ ಅವರಿಗೆ ಗೊತ್ತಿತ್ತು.

ನಾನು ಶಾಲೆಯ ದಿನಗಳಿಂದಲೂ ದಿನಚರಿ ಬರೆಯುವವಳು. ಎಷ್ಟು ಹೊತ್ತಿಗೆ ಎದ್ದೆ, ಬಸ್ಸು ಎಷ್ಟು ತಡವಾಯಿತು, ರಾತ್ರಿ ಎಷ್ಟು ಸಲ ಉಸಿರು ಕಟ್ಟಿ ಎದ್ದು ಕುಳಿತೆ, ಎಲ್ಲವನ್ನೂ ಗೆರೆ ಎಳೆದು ಗುರುತು ಹಾಕುತ್ತಿದ್ದೆ. ಈ ಬರಹದ ತಿಂಗಳು, ವಾರಗಳೆಲ್ಲ ಅಲ್ಲಿಂದ ಬಂದವು. ಮಾತುಗಳು ಮಾತ್ರ ನೆನಪಿನಿಂದ.

೧೯೮೧ರಲ್ಲಿ ನಾನು ಇಲಕಲ್ಲಿನಲ್ಲಿ ಪಿಯುಸಿ ಮುಗಿಸಿದೆ. ಅಪ್ಪನದು ನೆಲದ ಕುಣಿಯಲ್ಲಿ ಕಾಲಿಳಿಸಿ ನೇಯುವ ಎರಡು ಕುಣಿಮಗ್ಗಗಳ ಮನೆ. ಮನೆಯ ಹಿಂದೆಯೇ ಕಲ್ಲು ಕೊರೆಯುವ ಅಂಗಳಗಳು. ಒಣಹಾಕಿದ ನೂಲನ್ನು ಸಂಜೆ ಒಳಗೆ ತರುವ ಮುಂಚೆ ಕೊಡವಬೇಕು, ಇಲ್ಲವಾದರೆ ಬಿಳಿಯ ನೂಲು ಬೂದಿಯ ಬಣ್ಣದ್ದಾಗಿರುತ್ತಿತ್ತು. ನನಗೆ ಒಂಬತ್ತನೆಯ ವಯಸ್ಸಿನಿಂದ ಉಬ್ಬಸ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಬಿ.ಎಸ್ಸಿ.ಗೆ ಸೀಟು ಸಿಕ್ಕಿದ ವಾರದಲ್ಲೇ ದೊಡ್ಡದೊಂದು ದಮ್ಮು ಬಂದು, ಅಪ್ಪ ನನ್ನನ್ನು ಬೆನ್ನ ಮೇಲೆ ಹೊತ್ತು ದವಾಖಾನೆಗೆ ಓಡಿದರು. ಮೂರು ದಿನಗಳ ನಂತರ ಪೆಟ್ಟಿಗೆ ಕಟ್ಟಿ ಪಟ್ಟದಕಲ್ಲಿಗೆ, ಸೋದರತ್ತೆಯ ಮನೆಗೆ ಕರೆದೊಯ್ದರು. ಅಲ್ಲಿ ಹೊಳೆ ಇದೆ, ಹೊಲ ಇದೆ, ಕಲ್ಲಿನ ಧೂಳಿಲ್ಲ ಎಂಬುದು ಅವರ ಲೆಕ್ಕ.

ಬಸ್ಸಿನಲ್ಲಿ ನಾನು ಕೇಳಿದೆ, “ಆಮ್ಯಾಲೆ ಕಾಲೇಜಿಗೆ ಹೋಗ್ಲೇನು?”

ಅಪ್ಪ ಕಿಟಕಿಯ ಹೊರಗೆ ನೋಡುತ್ತ ಹೇಳಿದರು: “ಅಲ್ಲಿ ಆರಾಮಾದಿ ಅಂದ್ರ, ಆರಾಮ ಮಾಡಿದ ಊರು ಬಿಟ್ಟು ಯಾಕ ಬರ್ತಿ? ಆರಾಮಾಗಲಿಲ್ಲ ಅಂದ್ರ, ಆ ಎದಿ ತಗೊಂಡು ಕಾಲೇಜಿಗೆ ಹ್ಯಾಂಗ ಹೋಗ್ತಿ?”

ಅವರು ಕಠಿಣ ಮನುಷ್ಯರಲ್ಲ. ಹೆದರಿದ್ದರು, ಅಷ್ಟೆ. ಆದರೆ ಆ ಮಾತಿನಲ್ಲಿ ನನಗೆ ಹೊರಬರುವ ಬಾಗಿಲೇ ಇರಲಿಲ್ಲ. ಗುಣವಾದರೂ ಕಾಲೇಜು ಹೋಯಿತು, ಆಗದಿದ್ದರೂ ಹೋಯಿತು. ಯುಗಾದಿಯ ಹೊತ್ತಿಗೆ ಬಂದು ನೋಡುತ್ತೇನೆ ಎಂದು ಹೇಳಿ ಅಪ್ಪ ಮರಳಿದರು. ನಾನು ಸೀಟಿನ ಪತ್ರವನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದೆ.

ಅತ್ತೆಯ ಮನೆ ದೊಡ್ಡದಲ್ಲ. ಮಾವ ಗುಡಿಗಳ ಹತ್ತಿರ ಚಹಾ, ಸೋಡಾ ಮಾರುವ ಸಣ್ಣ ಅಂಗಡಿ ಇಟ್ಟಿದ್ದರು. ಅತ್ತೆಗೆ ಮಾತು ಜಾಸ್ತಿ, ಪ್ರೀತಿಯೂ ಜಾಸ್ತಿ, ಎರಡನ್ನೂ ಒಟ್ಟಿಗೇ ಬಡಿಸುತ್ತಿದ್ದಳು. ನನಗೆ ಅಲ್ಲಿ ಏನೂ ಕೊರತೆ ಇರಲಿಲ್ಲ, ಉಸಿರೊಂದನ್ನು ಬಿಟ್ಟು.

ಆಗಸ್ಟಿನ ಮೊದಲ ಗುರುವಾರ ಡಾಕ್ಟರಬಾಯಿ ಬಂದರು. ಬಾದಾಮಿಯ ಬಸ್ಸಿನಿಂದ ಇಳಿದವರ ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಅಗಲ ಬಾಯಿಯ ಗಾಜಿನ ಡಬ್ಬಿಗಳು, ಇನ್ನೊಂದರಲ್ಲಿ ಸ್ಪಿರಿಟ್. ಮೂವತ್ತರ ಆಸುಪಾಸಿನವರು, ಮೈಸೂರಿನ ಕಡೆಯವರು. ದೂರದ ಮೆಡಿಕಲ್ ಕಾಲೇಜೊಂದರಲ್ಲಿ ಎಂ.ಡಿ. ಓದುತ್ತಿದ್ದರು. ಬಾಗಲಕೋಟೆಯಲ್ಲಿ, ವಿದ್ಯಾಗಿರಿಯ ಕಾಲೇಜಿನ ಹತ್ತಿರವೇ, ಕೋಣೆ ಹಿಡಿದಿದ್ದರು. ಉಬ್ಬಸ ಇರುವವರು ಯಾರು ಯಾರು ಎಂದು ಕೇಳುತ್ತ ಓಣಿಯಲ್ಲಿ ಮನೆಮನೆಗೆ ಬಂದರು. ಅವರ ಕನ್ನಡ ಕೇಳಿ ಹೆಂಗಸರು ಸೆರಗಿನಲ್ಲಿ ನಕ್ಕರು. “ಪುಸ್ತಕ ಓದಿದಾಂಗ ಮಾತಾಡ್ತಾರ ನೋಡು,” ಎಂದಳು ಅತ್ತೆ, ಅವರಿಗೆ ಕೇಳುವ ಹಾಗೇ.

ಅವರು ಹುಡುಕುತ್ತಿದ್ದುದು ಇಷ್ಟು. ನಮ್ಮ ಉಸಿರುನಾಳದ ಒಳಗೋಡೆಗೆ ಕಣಗಳ, ಅಂದರೆ ಜೀವಕೋಶಗಳ, ಒಂದು ಪದರ ಇರುತ್ತದೆ. ಆ ಕಣಗಳ ತುದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳು. ಅವು ಸದಾ ಆಡುತ್ತ ಧೂಳನ್ನೂ ಕಫವನ್ನೂ ಮೇಲಕ್ಕೆ ದೂಡುತ್ತವೆ. ಉಬ್ಬಸದವರಲ್ಲಿ ಆ ಪದರ ಅಲ್ಲಲ್ಲಿ ಕಿತ್ತು, ಕಣಗಳು ಗೊಂಚಲು ಗೊಂಚಲಾಗಿ ಕಫದಲ್ಲಿ ಬರುತ್ತವೆ. ಕೆಟ್ಟ ಗಾಳಿ ಕುಡಿಯುವ ಉಬ್ಬಸದವರಲ್ಲಿ ಹೀಗೆ ಕಿತ್ತುಬರುವುದು ಹೆಚ್ಚೇ? ಅದನ್ನು ನೋಡಲು ಅವರಿಗೆ ಎರಡು ಊರು ಬೇಕಿದ್ದವು, ಒಂದು ಧೂಳಿನದು, ಒಂದು ಒಳ್ಳೆಯ ಗಾಳಿಯದು. ಮಂಗಳವಾರ ಇಲಕಲ್ಲಿನ ಕಲ್ಲು ಕೊರೆಯುವ ಓಣಿ, ಅಂದರೆ ನಮ್ಮದೇ ಓಣಿ. ಗುರುವಾರ ಪಟ್ಟದಕಲ್ಲು. ನಾನು ಬಿಟ್ಟುಬಂದ ಊರಿನಿಂದ ನಾನು ಬಂದು ಸೇರಿದ ಊರಿಗೆ ಅವರು ವಾರವಾರವೂ ಓಡಾಡುತ್ತಿದ್ದರು.

ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಆಳದಿಂದ ಕೆಮ್ಮಿ, ಡಬ್ಬಿಯಲ್ಲಿ ಕೊಡಬೇಕು. ಅವರು ಅಲ್ಲೇ ಕುಳಿತು ಅದನ್ನು ಗಾಜಿನ ಪಟ್ಟಿಗೆ ಸವರಿ, ಪಟ್ಟಿಯನ್ನು ಸ್ಪಿರಿಟಿನಲ್ಲಿ ಮುಳುಗಿಸುತ್ತಿದ್ದರು. ವಿದ್ಯಾಗಿರಿಗೆ ಒಯ್ದು ಬಣ್ಣ ಹಾಕಿ, ಅಲ್ಲಿನ ಕಾಲೇಜಿನವರು ಕೊಟ್ಟ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು.

ಪಕ್ಕದ ಮನೆಯ ಮುತ್ಯಾನಿಗೂ ಉಬ್ಬಸ. ಮೊದಲ ದಿನ ಡಬ್ಬಿ ಕೈಗೆ ಬಂದಾಗ ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. “ಹಾಲ ಕೇಳಾಕ ಬರೂ ಮಂದಿ ನೋಡೇನಿ, ಮತ ಕೇಳಾಕ ಬರೂ ಮಂದಿ ನೋಡೇನಿ. ಖಫಾ ಕೇಳಾಕ ಬಸ್ಸ ಹತ್ತಿ ಬರೂ ಮಂದಿ ನೀವ ಮೊದಲನೇದವರು, ಯವ್ವಾ.”

“ಹಾಲಿಗೆ ನೀರು ಬೆರೆಸುತ್ತಾರೆ ಅಜ್ಜ, ಮತಕ್ಕೆ ಸುಳ್ಳು ಬೆರೆಸುತ್ತಾರೆ. ಇದಕ್ಕೆ ಯಾರೂ ಏನೂ ಬೆರೆಸುವುದಿಲ್ಲ,” ಎಂದರು ಅವರು. ಮುತ್ಯಾ ನಕ್ಕು ಕೆಮ್ಮಿದ. ಕೆಮ್ಮಿದ್ದು ಡಬ್ಬಿಗೆ ಸಾಕಾಯಿತು.

ವಾರಗಳು ಹೀಗೇ ಹೋದವು. ಇಲಕಲ್ಲಿನ ಸುದ್ದಿ ಅವರಿಂದಲೇ ನನಗೆ ಸಿಗುತ್ತಿತ್ತು. ನಮ್ಮ ಓಣಿಯ ನಾಯಿ ಈಗ ಅವರನ್ನು ಕಂಡು ಬೊಗಳುವುದಿಲ್ಲ, ಅಪ್ಪ ಹಸಿರು ಒಡಲಿನ ಸೀರೆ ಮಗ್ಗಕ್ಕೆ ಏರಿಸಿದ್ದಾರೆ, ಅವ್ವನ ಮೊಣಕಾಲು ನೋಯುತ್ತಿದೆ... ನನ್ನ ಹತ್ತಿರ ಅವರು ಓದಿದವಳ ಹತ್ತಿರ ಮಾತಾಡುವಂತೆ ಮಾತಾಡುತ್ತಿದ್ದರು. ಕಾಲೇಜಿನ ಮಾತು ಒಮ್ಮೆ ಬಂತು. ಅಪ್ಪ ಬಸ್ಸಿನಲ್ಲಿ ಹೇಳಿದ್ದನ್ನು ಹಾಗೇ ಹೇಳಿದೆ. ಅವರು ಪಟ್ಟಿಯ ಮೇಲೆ ನನ್ನ ಸಂಖ್ಯೆ ಬರೆಯುವಾಗ ಪೆನ್ಸಿಲ್ಲು ಮುರಿಯಿತು, ಅದು ನೆನಪಿದೆ.

ಡಿಸೆಂಬರಿನಲ್ಲಿ ಅವರ ಮುಖ ಸಣ್ಣದಾಗತೊಡಗಿತು. ಕೇಳಿದ್ದಕ್ಕೆ ಹೇಳಿದರು: “ಇಲ್ಲಿಯ ಕಣಗಳೂ ಅಲ್ಲಿಯ ಹಾಗೆಯೇ ಕಿತ್ತು ಬರುತ್ತಿವೆ. ಕೆಲವರದು ಇನ್ನೂ ಹೆಚ್ಚು. ನಿನ್ನದೂ.” ಅವರ ಪ್ರೊಫೆಸರು, ಇದ್ದುದನ್ನು ಮಾರ್ಚಿನೊಳಗೆ ಬರೆದು ಮುಗಿಸಿ ಎಂದಿದ್ದರಂತೆ. ಒಲೆಯ ಹೊಗೆ, ಬೀಡಿ, ಹತ್ತಿಯ ಧೂಳು, ಎಲ್ಲವನ್ನೂ ಅವರು ಮನೆಮನೆಯಲ್ಲೂ ಕೇಳಿದ್ದರು. ಅತ್ತೆಯ ಒಲೆ ಹಿತ್ತಲಲ್ಲಿತ್ತು. ಎಲ್ಲಿಯೂ ಏನೂ ಸಿಕ್ಕಿರಲಿಲ್ಲ.

ಗುರುವಾರ ನನಗೆ ದಮ್ಮು ಹೆಚ್ಚು ಎಂದು ನನ್ನ ದಿನಚರಿಯಲ್ಲಿ ಗುರುತುಗಳಿದ್ದವು. ಅಂದು ಬೇಕೆಂದೇ ಜೋರಾಗಿ ಕೆಮ್ಮುತ್ತೇನಲ್ಲ, ಅದಕ್ಕೇ ಇರಬೇಕು ಎಂದು ನಾವಿಬ್ಬರೂ ಒಪ್ಪಿಕೊಂಡಿದ್ದೆವು. ಬಸ್ಸಿನ ವೇಳೆ, ಹೊಳೆಯ ನೀರಿನ ಮಟ್ಟ, ಕೋಳಿ ಇಟ್ಟ ಮೊಟ್ಟೆ, ಎಲ್ಲವನ್ನೂ ಬರೆದ ಆ ಪುಸ್ತಕದಲ್ಲಿ ಮುಖ್ಯವಾದುದೊಂದೇ ಇರಲಿಲ್ಲ. ಕಣ್ಣೆದುರಿಗೆ ನಡೆಯುತ್ತಿದ್ದರೂ ಅದು ಬರೆಯತಕ್ಕ ಸಂಗತಿ ಎಂದು ನನಗೆ ಅನ್ನಿಸಿರಲಿಲ್ಲ.

ಜನವರಿಯ ಮೂರನೆಯ ಗುರುವಾರ ಅವರು ಮಧ್ಯಾಹ್ನದೊಳಗೆ ಬಾಗಲಕೋಟೆಗೆ ಮರಳಬೇಕಿತ್ತು. ಹಾಗಾಗಿ ಹಿಂದಿನ ರಾತ್ರಿ ಬಾದಾಮಿಯಲ್ಲಿ ಉಳಿದು, ಯಾರಿಗೂ ತಿಳಿಸದೆ ಮೊದಲ ಬಸ್ಸಿಗೇ ಬಂದುಬಿಟ್ಟರು. ಬಿಸಿಲು ಇನ್ನೂ ಮಾಡು ದಾಟಿರಲಿಲ್ಲ. ಓಣಿಯ ಬಾಯಿಗೆ ಬಂದವರೇ ಚೀಲಗಳನ್ನು ನೆಲಕ್ಕೆ ಹಾಕಿ, “ಬೆಂಕಿ! ಬೆಂಕಿ ಬಿದ್ದಿದೆ! ನೀರು ತನ್ನಿ!” ಎಂದು ಕೂಗುತ್ತ ಓಡಿಬಂದರು.

ಓಣಿಯ ಎಲ್ಲ ಮನೆಗಳ ಮುಚ್ಚಿದ ಬಾಗಿಲುಗಳ ಸಂದಿಯಿಂದ ದಟ್ಟನೆಯ ಬಿಳಿ ಹೊಗೆ ಹೊರಳಿ ಹೊರಗೆ ಬರುತ್ತಿತ್ತು. ನಾನು ಅತ್ತೆಯ ಮನೆಯ ಹೊರಗಿನ ಕಟ್ಟೆಯ ಮೇಲೆ ಮೊಣಕಾಲು ಹಿಡಿದು ಕುಳಿತು ಉಸಿರಿಗೆ ಒದ್ದಾಡುತ್ತಿದ್ದೆ. ಒಳಗಿನಿಂದ ಅತ್ತೆ ಬಂದಳು. ಕೈಯಲ್ಲಿ ಕೆಂಡದ ಧೂಪದ ಬಟ್ಟಲು.

“ಅಯ್ಯ, ಬೆಂಕಿ ಎಲ್ಲೀದ್ರಿ? ಲೋಬಾನ ಹಾಕೇವಿ. ನೀವ್ಯಾಕ ಇಷ್ಟ ಲಗೂನ ಬಂದ್ರಿ? ಇನ್ನಾ ಮನಿ ಹಸನಾಗಿಲ್ಲ!”

“ಇವತ್ತು ಏನಾದರೂ ಹಬ್ಬವಾ?”

“ಹಬ್ಬ ಎಲ್ಲೀದು, ನಿಮಗಂತನ ಹಾಕೂದು. ಕಲತ ಹೆಣಮಗಳು, ಮಂದಿ ಖಫಾ ಮುಟ್ಟಾಕ ಅಷ್ಟ ದೂರಿಂದ ಬರ್ತೀರಿ. ಹೊಲಸ ವಾಸನಿ ಮನ್ಯಾಗ ನಿಮ್ಮನ್ನ ಹ್ಯಾಂಗ ಕುಂದ್ರಸೂದು? ನಮಗ ಮರ್ಯಾದಿ ಬ್ಯಾಡೇನು?”

“ಪ್ರತಿ ಗುರುವಾರವೂ?”

ಮುತ್ಯಾ ತನ್ನ ಕಟ್ಟೆಯಿಂದಲೇ ಕೆಮ್ಮುತ್ತ ಹೆಮ್ಮೆಯಿಂದ ಕೂಗಿದ: “ನಮ್ಮ ಸೊಸಿ ಬುಧವಾರ ಸಂಜಿಮುಂದನೂ ಹಾಕ್ತಾಳ್ರಿ! ಅವರ ಮನಿಗಿಂತ ನಮ್ಮ ಮನ್ಯಾಗ ಹೊಗಿ ಜಾಸ್ತಿ!”

ಆಗ ಎಲ್ಲವೂ ಹೊರಬಂತು. ಮೊದಲ ಗುರುವಾರ ಅವರು ಹೋದ ಮೇಲೆ ಅತ್ತೆಗೆ ಪಡಸಾಲೆಯಲ್ಲಿ ಕಫ ತೆಗೆಸಿದ್ದರಿಂದ ಬಹಳ ನಾಚಿಕೆಯಾಗಿತ್ತಂತೆ. ಮುಂದಿನ ವಾರದಿಂದ ಸಗಣಿ ಕುಳ್ಳಿನ ಕೆಂಡಕ್ಕೆ ಲೋಬಾನ, ಬೇವಿನ ಎಲೆ, ತೆಂಗಿನ ಚಿಪ್ಪು ಹಾಕಿ, ಬಾಗಿಲು ಕಿಟಕಿ ಮುಚ್ಚಿ, ಮನೆಯನ್ನು ಹೊಗೆಯಿಂದ ತುಂಬತೊಡಗಿದಳು. ಅದನ್ನು ನೋಡಿ ಪಕ್ಕದವರು, ಅವರನ್ನು ನೋಡಿ ಎದುರಿನವರು. ಒಬ್ಬರಿಗಿಂತ ಒಬ್ಬರದು ಹೆಚ್ಚು. ಒಂಬತ್ತರ ಬಸ್ಸು ಬರುವ ಹೊತ್ತಿಗೆ ಬಾಗಿಲು ತೆರೆದು, ಸಾರಿಸಿ, ಎಲ್ಲರೂ ಏನೂ ಆಗಿಲ್ಲವೆಂಬಂತೆ ಕುಳಿತಿರುತ್ತಿದ್ದರು. ಆ ಹೊಗೆಯಲ್ಲಿ ನನಗೆ ಉಸಿರು ಕಟ್ಟುತ್ತಿದ್ದುದು ನಿಜ. ಆದರೆ ಧೂಪವನ್ನು ಯಾರಾದರೂ ಕೆಟ್ಟ ಗಾಳಿ ಎನ್ನುತ್ತಾರೆಯೇ? ಮನೆಯ ಗಾಳಿ ಹಸನಾಗಲೆಂದೇ ಹಾಕುವಂಥದ್ದು. ಡಾಕ್ಟರಬಾಯಿ ಕೂಡ, ನಿಮ್ಮ ಮನೆ ಎಷ್ಟು ಘಮ್ಮೆನ್ನುತ್ತದೆ ಎಂದು ಎರಡು ಸಲ ಹೊಗಳಿದ್ದರು. ಹೊಗಳಿದ ಮುಂದಿನ ವಾರ ಲೋಬಾನ ಇನ್ನಷ್ಟು ಹೆಚ್ಚಾಗಿತ್ತು.

ಅವರು ನನ್ನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತರು. ಮೊದಲು ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು.

“ಈ ಐದು ತಿಂಗಳು ನಾನು ನೋಡಿದ್ದು ನಿಮ್ಮೂರ ಗಾಳಿಯನ್ನಲ್ಲ,” ಎಂದರು. “ನಿಮ್ಮ ಮರ್ಯಾದೆಯನ್ನು.”

ಅತ್ತೆಗೆ ತಾನೇನೋ ಕೆಡಿಸಿದ್ದೇನೆ ಎಂಬುದು ತಿಳಿಯಿತು. ಏನೆಂದು ತಿಳಿಯಲಿಲ್ಲ. ನಾನು ಬಿಡಿಸಿ ಹೇಳಿದೆ. ಅವಳು ಕೂಡಲೇ ಪರಿಹಾರ ಹುಡುಕಿದಳು: “ಇಷ್ಟಕ್ಕ ಯಾಕ ಚಿಂತಿ ಮಾಡ್ತೀರಿ? ಇದ್ದದ್ದ ಬರದು ಕೊಟ್ಟು ಪಾಸಾಗ್ರಿ. ಯಾರು ನೋಡಾಕ ಬರ್ತಾರ?”

“ಬರೆದುಕೊಟ್ಟರೆ ಏನಾಗುತ್ತೆ ಗೊತ್ತಾ? ಕಲ್ಲಿನ ಧೂಳಿಗೂ ಹೊಳೆಯ ದಂಡೆಗೂ ವ್ಯತ್ಯಾಸವೇ ಇಲ್ಲ ಅಂತ ಆಗುತ್ತೆ. ನಾಳೆ ಯಾರಾದರೂ ಅದನ್ನು ಓದಿ, ಇವಳ ಅಪ್ಪನ ಓಣಿಯ ಧೂಳಿನಿಂದ ಯಾರಿಗೂ ಏನೂ ಆಗಲ್ಲ ಅಂತಾರೆ.” ಸ್ವಲ್ಪ ತಡೆದು, “ಇನ್ನೊಂದು ವರ್ಷ ಹೋಗುತ್ತೆ. ಹೋಗಲಿ,” ಎಂದರು. ಐದು ತಿಂಗಳ ಪಟ್ಟಿಗಳನ್ನು ಬದಿಗಿಟ್ಟು ಅವರು ಮೊದಲಿನಿಂದ ಶುರುಮಾಡಿದ್ದು ಆ ಬೆಳಿಗ್ಗೆ.

ಓಣಿಯಲ್ಲಿ ಯಾವ ದಿನವೂ ಧೂಪ ಹಾಕಬಾರದು ಎಂದು ಕೇಳಿದಾಗ ಮಾತ್ರ ಅತ್ತೆ ಬಗ್ಗಲಿಲ್ಲ. “ಧೂಪ ಇಲ್ಲದ ಮನಿ, ಅದೇನ ಮನಿ ಆತು? ನೀವು ಬರೂ ದಿನಾ ಬ್ಯಾಡಂದ್ರ ಬಿಡ್ತೇನಿ. ಉಳಿದ ದಿನಾ ನಮ್ಮ ದೇವರಿಗೆ ಏನ ಹೇಳ್ಲಿ, ಖಫದ ಬಾಯಿ ಬ್ಯಾಡಂದಾರ ಅಂತ ಹೇಳ್ಲೇನು?” ಆ ಹೆಸರು ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಡಾಕ್ಟರಬಾಯಿ, “ಹಾಗೇ ಹೇಳಿ, ದೇವರಿಗೂ ನನ್ನ ಪರಿಚಯ ಆಗಲಿ,” ಎಂದು ಚೀಲ ಎತ್ತಿಕೊಂಡರು.

ಮುಂದಿನ ಗುರುವಾರ ಅವರು ಸೂಕ್ಷ್ಮದರ್ಶಕವನ್ನೇ ತಂದರು. ಮರದ ಪೆಟ್ಟಿಗೆಯಲ್ಲಿಟ್ಟು, ಬಾಗಲಕೋಟೆಯಿಂದ ಇಲ್ಲಿಯ ತನಕ ತೊಡೆಯ ಮೇಲಿನಿಂದ ಇಳಿಸದೆ. ಹೊಲಿಗೆ ಮಷೀನೇ ಎಂದು ಕಂಡಕ್ಟರು ಕೇಳಿದನಂತೆ. ಪಡಸಾಲೆಯ ಬಿಸಿಲಿನಲ್ಲಿ ಅದನ್ನು ಇಟ್ಟು, ಕೆಳಗಿನ ಕನ್ನಡಿಯನ್ನು ತಿರುಗಿಸಿ ಬೆಳಕು ಹಿಡಿದರು. ಮೂಗಿನ ಒಳಗೂ ಉಸಿರುನಾಳದ ಒಳಗೂ ಹೆಚ್ಚುಕಡಿಮೆ ಒಂದೇ ಬಗೆಯ ಕಣಗಳು ಎಂದು ಹೇಳಿ, ಅತ್ತೆಯ ಮೂಗಿನೊಳಗೆ ಸಣ್ಣದೊಂದು ತಂತಿಯ ಚಮಚ ಆಡಿಸಿ, ಬಂದುದನ್ನು ಗಾಜಿನ ಪಟ್ಟಿಯ ಮೇಲಿಟ್ಟರು. ಅತ್ತೆ ಓಣಿಗೆಲ್ಲ ಕೇಳುವಂತೆ ನಾಲ್ಕು ಸಲ ಸೀನಿದಳು.

“ಮೂಗುತಿ ಚುಚ್ಚಸ್ಕೊಂಡಾಗ ಸೈತ ಇಷ್ಟ ಕಣ್ಣೀರ ಬಂದಿದ್ದಿಲ್ಲ,” ಎಂದು ಬೈಯುತ್ತ ಕೊಳವೆಗೆ ಕಣ್ಣು ಹಚ್ಚಿದಳು. ಒಂದೇ ಕಣ್ಣು ಮುಚ್ಚಲು ಅವಳಿಗೆ ಬರುತ್ತಿರಲಿಲ್ಲ. ಸೆರಗಿನಿಂದ ಇನ್ನೊಂದನ್ನು ಮುಚ್ಚಿಕೊಂಡಳು. “ಏನೂ ಕಾಣವಲ್ದು. ನನ್ನ ರೆಪ್ಪಿನ ಕಾಣ್ತಾವ.” ಡಾಕ್ಟರಬಾಯಿ ತಿರುಪನ್ನು ಸ್ವಲ್ಪ ತಿರುಗಿಸಿದರು. ಅತ್ತೆ ಸುಮ್ಮನಾದಳು. ಅವಳು ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

“ಇದೇನ್ರಿ ಇದು... ಜ್ವಾಳದ ಹೊಲದಾಗ ಗಾಳಿ ಹೊಕ್ಕಾಂಗ. ಇದು ನನ್ನ ಮೂಗಿನ್ಯಾಗ?”

“ಹೌದು. ಹಗಲೂ ರಾತ್ರಿ. ನೀವು ಮಲಗಿದಾಗಲೂ.”

“ನಾ ಮಕ್ಕೊಂಡಾಗನೂ ದುಡೀತಾವ? ಹಂಗಾರ ನನ್ನ ಗಂಡಗಿಂತ ಚಲೋ ಬಿಡ್ರಿ.”

ಆಮೇಲೆ ಅವರು ಅತ್ತೆಯದೇ ಧೂಪದ ಬಟ್ಟಲಿನಿಂದ ಹೊಗೆಯನ್ನು ರಬ್ಬರಿನ ಬುರುಡೆಯೊಂದರಿಂದ ಎಳೆದು, ಉಪ್ಪುನೀರಿನಲ್ಲಿ ಗುಳುಗುಳು ಎನ್ನಿಸಿ, ಆ ನೀರಿನ ಒಂದು ಹನಿಯನ್ನು ಪಟ್ಟಿಯ ಅಂಚಿಗೆ ಮುಟ್ಟಿಸಿದರು. ಅತ್ತೆ ನೋಡುತ್ತಲೇ ಇದ್ದಳು. “ನಿಧಾನಾದ್ವು,” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ನಿಂತ್ವು... ಯವ್ವಾ, ಖರೇನ ನಿಂತ್ಬಿಟ್ವು.”

“ಇದು ಬರೀ ತೋರಿಸುವುದಕ್ಕೆ,” ಎಂದರು ಡಾಕ್ಟರಬಾಯಿ. “ಎದೆಯೊಳಗೆ ಇಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಗಟ್ಟಿಮುಟ್ಟಾದವರು ತಡೆದುಕೊಳ್ಳುತ್ತಾರೆ. ಇವಳ ಕಣಗಳು ಮೊದಲೇ ನೊಂದಿವೆ.”

ಅತ್ತೆ ನನ್ನ ಕಡೆ ತಿರುಗಿ ನೋಡಿದಳು. ಎದ್ದು ಧೂಪದ ಬಟ್ಟಲನ್ನು ತೆಗೆದುಕೊಂಡು ಹೊರಗೆ ಹೋದಳು. ಮರಳಿ ಬಂದಾಗ ಕೈ ಬರಿದಾಗಿತ್ತು. “ನಮ್ಮವರ ಅಂಗಡಿಗೆ ಕೊಟ್ಟ ಬಂದೆ. ಅಲ್ಲೆ ಬರೂ ಮಂದಿ ಮುಂಬಯಿಯವರು. ಅವರ ಖಫಾ ಯಾರೂ ಕೇಳಂಗಿಲ್ಲ.” ಅದೇ ದಿನ ಓಣಿಯ ಎಲ್ಲ ಮನೆಗಳಿಗೆ ಅವಳೇ ಹೋದಳು. ಕಣದ ಮಾತು ಅಲ್ಲಿ ಎಷ್ಟು ಆಯಿತೋ ತಿಳಿಯದು. ಸಂಜೆಯ ಹೊತ್ತಿಗೆ ಓಣಿಯಲ್ಲಿ ಹೊಗೆ ನಿಂತಿತ್ತು.

ಫೆಬ್ರವರಿಯಲ್ಲಿ ನಾನು ರಾತ್ರಿಗಳನ್ನು ನಿದ್ದೆಯಲ್ಲಿ ಕಳೆದೆ. ಮಾತ್ರೆ ಕಡಿಮೆಯಾಯಿತು. ನನ್ನ ಪಟ್ಟಿಯಲ್ಲಿ ಗೊಂಚಲುಗಳು ತೆಳುವಾಗಿವೆ ಎಂದು ಡಾಕ್ಟರಬಾಯಿ ಹೇಳಿದರು. ನನಗೆ ಸಂತೋಷಕ್ಕಿಂತ ಮೊದಲು ಭಯವಾಯಿತು. ಆರಾಮಾದರೆ ಈ ಊರಲ್ಲೇ ಇರಬೇಕಲ್ಲ... ಆದರೆ ಆ ಭಯವೂ ಬಹಳ ದಿನ ಉಳಿಯಲಿಲ್ಲ. ಊರ ಸುತ್ತಲಿನ ಒಕ್ಕಲು ಕಣಗಳಲ್ಲಿ ಜೋಳದ ರಾಶಿ ಶುರುವಾಯಿತು. ತೂರುವ ಹೊಟ್ಟು ಗಾಳಿಯ ಜೊತೆ ಓಣಿಗೆ ಬಂತು. ನಾನು ಮತ್ತೆ ಎದ್ದು ಕೂರತೊಡಗಿದೆ. ಮುತ್ಯಾನೂ ಕೂಡ. ಡಾಕ್ಟರಬಾಯಿ ಅದನ್ನೂ ಬರೆದುಕೊಂಡರು. ಈ ಸಲ ಅವರ ಮುಖ ಸಣ್ಣದಾಗಲಿಲ್ಲ.

ಅಪ್ಪ ಮಾತಿನಂತೆ ಯುಗಾದಿಗೆ ಮುಂಚೆ ಬಂದರು, ಗುರುವಾರವೇ ಬಂದರು. ಡಾಕ್ಟರಬಾಯಿಯನ್ನು ಅವರು ಇಲಕಲ್ಲಿನ ಓಣಿಯಲ್ಲಿ ಕಂಡು ಬಲ್ಲವರು. ಚಹಾ ಬಂತು. ನಾನು ಕಂಬದ ಹಿಂದೆ ನಿಂತೆ. ಈಗ ಏನಾಗುತ್ತದೋ ಅದೇ ನನ್ನ ಬಾಳು ಎಂಬುದು ಆ ವಯಸ್ಸಿನಲ್ಲೂ ನನಗೆ ಸ್ಪಷ್ಟವಾಗಿತ್ತು.

“ಈ ಊರು ಹತ್ತಿತೇನ್ರಿ ಹುಡುಗಿಗೆ?” ಎಂದರು ಅಪ್ಪ.

“ಸ್ವಲ್ಪ ದಿನ ಹತ್ತಿತು, ಆಮೇಲೆ ಇಲ್ಲ. ಊರು ಔಷಧ ಅಲ್ಲ. ಇಲ್ಲಿಯೂ ಹೊಗೆ ಇದೆ, ಹೊಟ್ಟು ಇದೆ. ಒಂದೊಂದು ಕಾಲಕ್ಕೆ ಒಂದೊಂದು.”

“ಹಂಗಾರ ಇಲಕಲ್ಲಿಗೇ ಕರಕೊಂಡ ಹೋಗ್ಲೇನು?”

“ಬೇಡಿ. ನಿಮ್ಮ ಮನೆಯ ಹಿಂದಿನ ಧೂಳು ಇವಳಿಗೆ ಒಳ್ಳೆಯದಲ್ಲ. ಅಲ್ಲಿಯವರ ಕಣಗಳನ್ನು ನಾನು ನೋಡಿದ್ದೇನೆ.” ಬಟ್ಟಲು ಕೆಳಗಿಟ್ಟು, “ಇವಳಿಗೆ ವಿದ್ಯಾಗಿರಿಯಲ್ಲಿ ಸೀಟು ಬಂದಿತ್ತಂತೆ. ಅಲ್ಲಿಗೆ ಕಳಿಸಿ,” ಎಂದರು.

“ಅಲ್ಲೇ ಗಾಳಿ ಚಲೋ ಐತೇನ್ರಿ?”

ಅವರು ಹೌದು ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ ನಂಬುತ್ತಿದ್ದರು. ನಾನು ಕಂಬವನ್ನು ಹಿಡಿದುಕೊಂಡು ಅವರ ಬಾಯನ್ನೇ ನೋಡುತ್ತಿದ್ದೆ.

“ಗೊತ್ತಿಲ್ಲ,” ಎಂದರು ಡಾಕ್ಟರಬಾಯಿ. “ಅಲ್ಲಿ ನಾನು ಯಾರದನ್ನೂ ನೋಡಿಲ್ಲ.”

“ಗೊತ್ತಿಲ್ಲಂದ್ರ ನಾ ಹ್ಯಾಂಗ ಕಳಸ್ಲಿ?”

“ಗೊತ್ತಿಲ್ಲ ಅಂತಲೇ ಕಳಿಸಿ. ಎರಡು ಊರಿನಿಂದ ನನ್ನ ಕೆಲಸ ಆಗುವುದಿಲ್ಲ ಅಂತ ಇಲ್ಲಿ ಕಲಿತೆ. ಮೂರನೆಯದೊಂದು ಬೇಕು. ವಿದ್ಯಾಗಿರಿಯಿಂದ ವಾರಕ್ಕೆ ಒಂದು ಡಬ್ಬಿ ಕಫ ಕೊಡುವವರು ಬೇಕು, ಬಿಡದೆ ಕೊಡುವವರು, ದಿನ ದಿನ ಬರೆದಿಡುವವರು. ಇವಳಷ್ಟು ನಿಯತ್ತಾಗಿ ಕೆಮ್ಮುವವರು ನನಗೆ ಬೇರೆ ಸಿಕ್ಕಿಲ್ಲ. ನಾನು ಅಲ್ಲೇ ಇರುತ್ತೇನೆ. ಹೆಚ್ಚಾದರೆ ಸೂಜಿ ಹಾಕಲು ನಾಲ್ಕು ಹೆಜ್ಜೆ ಕೂಡ ಆಗುವುದಿಲ್ಲ.”

ಅಪ್ಪ ಚಹಾದ ಬಟ್ಟಲನ್ನು ಕೆಳಗಿಟ್ಟರು. ಮೀಸೆ ಅಲುಗಿತು. “ಅಂದ್ರ ನನ್ನ ಮಗಳು ಖಫಾ ಕೊಡಾಕ ಕಾಲೇಜಿಗೆ ಹೋಗ್ತಾಳಂತೀರಿ?”

“ಖಫಾ ಕೊಡಾಕ ಹೋಗ್ಲಿ, ಬರಮುಂದ ಬಿ.ಎಸ್ಸಿ. ತಗೊಂಡ ಬರ್ಲಿ,” ಎಂದಳು ಅತ್ತೆ ಒಳಗಿನಿಂದ. “ನೀ ಏನ ಕಳಕೋತೀಯೋ ಅಣ್ಣಾ? ಹೆಂಗೂ ಉಗುಳಾದ ಐತಿ.”

ಅಪ್ಪ ನಕ್ಕುಬಿಟ್ಟರು. ನಗುತ್ತಲೇ ಕಣ್ಣು ಒರೆಸಿಕೊಂಡರು. ನಾನು ಒಳಗೆ ಹೋಗಿ ಪೆಟ್ಟಿಗೆ ತೆಗೆದೆ. ಹೋದ ವರ್ಷದ ಸೀಟಿನ ಪತ್ರದಿಂದ ಈಗ ಏನೂ ಆಗುವಂತಿರಲಿಲ್ಲ, ಹೊಸದಾಗಿ ಅರ್ಜಿ ಹಾಕಬೇಕಿತ್ತು. ಆದರೂ ತೆಗೆದು ನೋಡಿದೆ.

ಆ ಜುಲೈಯಲ್ಲಿ ವಿದ್ಯಾಗಿರಿಯ ಹಾಸ್ಟೆಲು ಸೇರಿದೆ. ಶನಿವಾರ ಬೆಳಿಗ್ಗೆ ಡಬ್ಬಿ ಹಿಡಿದು ಅವರ ಕೋಣೆಗೆ ಹೋಗುತ್ತಿದ್ದೆ. ಫೀ ಬದಲು ಕಫ ಕಟ್ಟುತ್ತಾಳೆ ಎಂದು ಗೆಳತಿಯರು ಕಾಡುತ್ತಿದ್ದರು. ದಮ್ಮು ಬರಲಿಲ್ಲವೆಂದಲ್ಲ, ಬಂತು. ನಾಲ್ಕು ಸಲ ಜೋರಾಗಿಯೇ ಬಂತು. ಒಂದು ಸಲ ಪರೀಕ್ಷೆಯ ಮುನ್ನಾದಿನ. ಅವರು ಸೂಜಿ ಹಾಕಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ರಸಾಯನಶಾಸ್ತ್ರದ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದರು. ಉತ್ತರವನ್ನು ನಾನು ಬೆರಳಿನಿಂದ ಗಾಳಿಯಲ್ಲಿ ಬರೆಯುತ್ತಿದ್ದೆ...

೧೯೮೩ರ ಫೆಬ್ರವರಿಯಲ್ಲಿ ಅವರ ಕೆಲಸ ಮುಗಿಯಿತು. ಬಾಗಲಕೋಟೆಯ ಬಸ್‌ಸ್ಟ್ಯಾಂಡಿಗೆ ಕಳಿಸಲು ಹೋಗಿದ್ದೆ. ಗಾಜಿನ ಪಟ್ಟಿಗಳ ಪೆಟ್ಟಿಗೆಗಳು ಅಲುಗದಂತೆ, ಅಪ್ಪ ನೇಯ್ದು ಕೊಟ್ಟ ಸೀರೆಯಲ್ಲಿ ಅವುಗಳನ್ನು ಸುತ್ತಿದ್ದರು. “ಅಪ್ಪನಿಗೆ ಹೇಳಬೇಡ, ಉಡುತ್ತಿದ್ದೇನೆ ಅಂತ ಹೇಳು,” ಎಂದರು. ಕೊನೆಗೆ ಏನು ಗೊತ್ತಾಯಿತು ಎಂದು ಕೇಳಿದೆ. “ಇನ್ನೂ ಎಣಿಸಿ ಮುಗಿದಿಲ್ಲ. ಮುಗಿದ ದಿನ ಬರೆಯುತ್ತೇನೆ.” ಆಮೇಲೆ ಎರಡು ಕಾರ್ಡು ಬಂದವು, ಎರಡರಲ್ಲೂ ನನ್ನ ಎದೆಯ ಕ್ಷೇಮ ಕೇಳಿದ್ದರು. ಎಣಿಕೆಯ ಮಾತಿರಲಿಲ್ಲ. ಮೂರನೆಯದು ಬರಲಿಲ್ಲ. ನಾನು ಬರೆದವು ಅವರಿಗೆ ತಲುಪಿದವೋ ಇಲ್ಲವೋ...

ಕಳೆದ ತಿಂಗಳು ಶಿಕ್ಷಕರ ತರಬೇತಿಯಲ್ಲಿ ಆ ಮೆಡಿಕಲ್ ಕಾಲೇಜಿನ ಊರಿನವರೊಬ್ಬರು ಸಿಕ್ಕರು. ಅವರ ಅಕ್ಕ ಅಲ್ಲಿಯೇ ಓದಿದವರಂತೆ. ಡಾಕ್ಟರಬಾಯಿ ತೀರಿಕೊಂಡು ಮೂರು ವರ್ಷಗಳಾದವು ಎಂದು ಹೇಳಿದರು. ಏನಾಗಿತ್ತು, ಆಗ ಅವರು ಯಾವ ಊರಿನಲ್ಲಿದ್ದರು, ಅವರ ಬರಹ ಮುಗಿದಿತ್ತೇ ಎಂಬುದೊಂದೂ ಅವರಿಗೆ ತಿಳಿದಿರಲಿಲ್ಲ. ಮೂರು ವರ್ಷ. ಅಂದರೆ ಎರಡು ವರ್ಷಗಳ ಹಿಂದೆ ನನಗೆ ಈ ಶಿಕ್ಷಕಿಯ ಕೆಲಸ ಸಿಕ್ಕಾಗಲೇ ಅವರು ಇರಲಿಲ್ಲ. ಅದನ್ನು ತಿಳಿಸಿ ಬರೆದ ಕಾಗದ ಯಾರ ಕೈ ಸೇರಿತೋ.

ಹೋದ ಭಾನುವಾರ ಪಟ್ಟದಕಲ್ಲಿಗೆ ಹೋಗಿ ಅತ್ತೆಗೆ ಹೇಳಿದೆ. ಅವಳು ಸೊಪ್ಪು ಸೋಸುವುದನ್ನು ನಿಲ್ಲಿಸಿದಳು. “ಅಷ್ಟ ಮಂದಿ ಖಫಾ ಮುಟ್ಟಿದಾಕಿ,” ಎಂದಳು, “ಒಂದಿನಾನೂ ಮೂಗ ಮುರೀಲಿಲ್ಲ ನೋಡು.”

ಈಗ ಎಂಟೂವರೆ. ನನ್ನ ಎದೆ ಈ ವರ್ಷ ಪರವಾಗಿಲ್ಲ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಉಸಿರಾಟದ ಪಾಠ ಬಂದಾಗ, ಯಾವ ಊರಿನ ಗಾಳಿ ಒಳ್ಳೆಯದು ಎಂದು ಒಬ್ಬರಾದರೂ ಕೇಳುತ್ತಾರೆ. ಗೊತ್ತಿಲ್ಲ ಎಂದೇ ಹೇಳುತ್ತೇನೆ. ಡಾಕ್ಟರಬಾಯಿ ಇದ್ದಿದ್ದರೆ ಅವರನ್ನು ಕೇಳಬಹುದಿತ್ತು.

ಓದುಗರಲ್ಲಿ ಯಾರಾದರೂ ಆ ವರ್ಷಗಳಲ್ಲಿ ಇಲಕಲ್ಲಿನ ಕಲ್ಲು ಕೊರೆಯುವ ಓಣಿಯಲ್ಲಿ ಮಂಗಳವಾರ ಬೆಳಿಗ್ಗೆ ಅವರಿಗೆ ಕಫ ಕೊಟ್ಟವರಿದ್ದರೆ, ಅವರ ಜೊತೆ ಓದಿದವರಿದ್ದರೆ, ಸೀರೆಯಲ್ಲಿ ಸುತ್ತಿದ ಆ ಪೆಟ್ಟಿಗೆಗಳು ಎಲ್ಲಿವೆ ಎಂದು ಬಲ್ಲವರಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ಅವರು ಅಂದು ಗೊತ್ತಿಲ್ಲ ಎಂದದ್ದರಿಂದ ನಾನು ಕಾಲೇಜು ಕಂಡೆ. ಆಮೇಲೆ ಅವರಿಗೆ ಗೊತ್ತಾಯಿತೇ, ಅದಷ್ಟು ನನಗೆ ತಿಳಿಯಬೇಕು.